ದಾನವೋ ಋಣವೋ

ಮನುಷ್ಯರು ಒಬ್ಬರ ಮೇಲೊಬ್ಬರು ದೂರು ಹೊತ್ತು ನ್ಯಾಯಸ್ಥಾನಕ್ಕೆ ಹೋಗುವ ಕಾರಣಗಳನ್ನು ನಮ್ಮ ಸ್ಮೃತಿಕಾರರು ಹದಿನೆಂಟಾಗಿ ವಿಂಗಡಿಸಿ, ಅವಕ್ಕೆ ವ್ಯವಹಾರಪದಗಳೆಂದು ಹೆಸರಿಟ್ಟಿದ್ದಾರೆ. ಮನುವಿನ ಎಣಿಕೆಯಲ್ಲಿ ಅವುಗಳಲ್ಲಿ ಮೊದಲನೆಯದು ಸಾಲದ ವಿಚಾರ. ಕಳವು, ಹೊಡೆದಾಟ, ಜೂಜು ಎಲ್ಲವೂ ಆಮೇಲಿನವು. ಲೋಕಾನುಭವವುಳ್ಳ ಗೃಹಸ್ಥರಾರೂ ಈ ಕ್ರಮದಲ್ಲಿ ತಪ್ಪು ಹುಡುಕಲಾರರು. ಇತ್ತ ದಾನವನ್ನು ಸ್ವೀಕರಿಸುವುದಕ್ಕೆ ಪ್ರತಿಗ್ರಹವೆಂದು ಹೆಸರು. ಬ್ರಾಹ್ಮಣನ ಆರು ಕರ್ಮಗಳಲ್ಲಿ ಅದನ್ನೂ ಒಂದಾಗಿ ಸೇರಿಸಿರುವ ಶಾಸ್ತ್ರವೇ, ಯೋಗ್ಯತೆಯುಳ್ಳವನು ಕೂಡ ಅದರಲ್ಲಿ ಆಸಕ್ತನಾಗಬಾರದು, ಅದರಿಂದ ತೇಜಸ್ಸು ಕುಂದುವುದು, ಎಂದು ಎಚ್ಚರಿಸುತ್ತದೆ. ಹೀಗೆ ಸಾಲ ತಂದವನಿಗೆ ವ್ಯಾಜ್ಯದ ಭಯ, ದಾನ ಹಿಡಿದವನಿಗೆ ತೇಜೋಹಾನಿಯ ಭಯ. ಎರಡನ್ನೂ ಒಲ್ಲೆನೆಂದವನಿಗೆ ಹಸಿವಿನ ಭಯ.

ಈ ಮೂರು ಭಯಗಳೂ ಏಕಕಾಲದಲ್ಲಿ ಒಂದು ದೊಡ್ಡ ರಾಷ್ಟ್ರದ ಬಾಗಿಲಿಗೆ ಬಂದು ನಿಂತ ಪ್ರಸಂಗವೊಂದನ್ನು ವಾಚಕರ ಮುಂದಿಡಬೇಕೆಂದು ನಮ್ಮ ಅಪೇಕ್ಷೆ. ಕಾಲ, 1945ನೆಯ ಇಸವಿಯ ಡಿಸೆಂಬರ್ ತಿಂಗಳು. ಸ್ಥಳ, ಲಂಡನ್ನಿನ ಪಾರ್ಲಿಮೆಂಟು. ವಿಷಯ, ಅಮೆರಿಕಾ ದೇಶದಿಂದ 375 ಕೋಟಿ ಡಾಲರು ಸಾಲ ತರಬಹುದೇ ಬಾರದೇ ಎಂಬುದು. ಪರದೇಶದವರ ಮನೆವಾರ್ತೆ ನಮಗೇಕೆಂದು ಕೇಳುವವರು ಸ್ವಲ್ಪ ತಾಳ್ಮೆಯಿಂದಿರಬೇಕು. ಆ ಮನೆಯ ಲೆಕ್ಕದ ಪುಸ್ತಕದಲ್ಲಿ ನಮ್ಮ ದೇಶದ ಹೆಸರೂ ಇತ್ತು.

ಆರು ವರ್ಷಗಳ ಯುದ್ಧವನ್ನು ಇಂಗ್ಲೆಂಡು ಗೆದ್ದಿತ್ತು, ಆದರೆ ಗೆದ್ದವನ ಕೈ ಬರಿದಾಗಿತ್ತು. ಹೊರದೇಶಗಳಲ್ಲಿ ತಲೆತಲಾಂತರದಿಂದ ಹೂಡಿದ್ದ ಬಂಡವಾಳದ ದೊಡ್ಡ ಭಾಗವನ್ನು ಮಾರಿಕೊಂಡಾಗಿತ್ತು. ಹಡಗುಗಳು ಸಮುದ್ರದ ತಳ ಸೇರಿದ್ದವು. ಕಾರ್ಖಾನೆಗಳೆಲ್ಲ ಗುಂಡು ಫಿರಂಗಿಗಳ ತಯಾರಿಕೆಗೆ ತಿರುಗಿದ್ದುದರಿಂದ, ರಫ್ತು ಯುದ್ಧಪೂರ್ವದ ಮೂರರಲ್ಲೊಂದು ಪಾಲಿಗೆ ಇಳಿದಿತ್ತು. ಇಷ್ಟಾದರೂ ಆ ಜನ ಉಪವಾಸ ಬೀಳದೆ ಯುದ್ಧ ಮಾಡಿದ್ದು, 1941ರ ಮಾರ್ಚಿಯಲ್ಲಿ ಅಮೆರಿಕಾದವರು ಮಾಡಿದ ‘ಲೆಂಡ್‌ಲೀಸ್’ ಎಂಬ ಕಾಯಿದೆಯ ಬಲದಿಂದ. ಅದರಂತೆ ಆಹಾರ, ಆಯುಧ, ಎಣ್ಣೆ ಮೊದಲಾದವು ರೊಕ್ಕವಿಲ್ಲದೆ ಬರುತ್ತಿದ್ದವು. ಜಪಾನು ಶರಣಾಗಿ ಒಂದು ವಾರ ಕಳೆಯುವಷ್ಟರಲ್ಲಿ, 1945ರ ಆಗಸ್ಟಿನಲ್ಲಿ, ಅಧ್ಯಕ್ಷ ಟ್ರೂಮನ್ನರು ಆ ಏರ್ಪಾಡನ್ನು ನಿಲ್ಲಿಸಿಬಿಟ್ಟರು. ಕಾಯಿದೆ ಯುದ್ಧಕ್ಕಾಗಿ ಮಾಡಿದುದು, ಯುದ್ಧ ಮುಗಿಯಿತು. ಆದ್ದರಿಂದ ನ್ಯಾಯವಾಗಿ ಅವರನ್ನು ದೂರುವಂತಿರಲಿಲ್ಲ. ಮದುವೆಮನೆಯಲ್ಲಿ ಪಂಕ್ತಿ ನಡೆಯುತ್ತಿರುವಾಗಲೇ ಒಲೆಯ ಕೊಳ್ಳಿಯನ್ನು ಎಳೆದಂತಾಯಿತು, ಅಷ್ಟೆ.

ಅರ್ಥಶಾಸ್ತ್ರಜ್ಞರಲ್ಲಿ ಅಗ್ರಗಣ್ಯರೆನಿಸಿದ್ದ ಲಾರ್ಡ್ ಕೇನ್ಸ್‌ರವರು ಸೆಪ್ಟೆಂಬರಿನಲ್ಲಿ ವಾಷಿಂಗ್ಟನ್ನಿಗೆ ಹೋದರು. ಹೃದಯದ ವ್ಯಾಧಿಯಿಂದ ಬಳಲುತ್ತಿದ್ದ ಮನುಷ್ಯ. ಅಮೆರಿಕಾ ಯುದ್ಧಕ್ಕಿಳಿಯುವ ಮೊದಲೇ ಎರಡು ವರ್ಷಕ್ಕೂ ಮೇಲ್ಪಟ್ಟು ಹೊಡೆತ ತಿಂದವರು ತಾವು. ಸಮಾನಕಾರ್ಯದಲ್ಲಿ ಆದ ವೆಚ್ಚವನ್ನು ಸಮಾನವಾಗಿ ಹಂಚಿಕೊಳ್ಳುವುದು ಧರ್ಮ. ಆದಕಾರಣ ಕೊಡುವುದನ್ನು ದಾನವಾಗಿ ಕೊಡಿ, ಇಲ್ಲವೇ ಬಡ್ಡಿಯಿಲ್ಲದೆ ಕೊಡಿ, ಎಂಬುದು ಅವರ ವಾದದ ಸಾರ. ಮೂರು ತಿಂಗಳು ಚೌಕಾಸಿ ನಡೆಯಿತು. ಕೊನೆಗೆ ಕೈಗೆ ಬಂದದ್ದು ಬಡ್ಡಿಯ ಸಾಲ: ನೂರಕ್ಕೆ ವರ್ಷಕ್ಕೆ ಎರಡು, 1951ರ ಕೊನೆಯಿಂದ ಐವತ್ತು ವಾರ್ಷಿಕ ಕಂತುಗಳು. ಬಂದು ಉಳಿದಿದ್ದ ಲೆಂಡ್‌ಲೀಸ್ ಸಾಮಾನುಗಳಿಗೆ 65 ಕೋಟಿ ಡಾಲರು ಬೇರೆ. ಇದಕ್ಕೆ ಷರತ್ತುಗಳೂ ಇದ್ದವು. ಸಾಲ ಮಂಜೂರಾದ ಒಂದು ವರ್ಷದೊಳಗೆ, ವ್ಯಾಪಾರದಲ್ಲಿ ಪೌಂಡು ಗಳಿಸಿದವರು ಯಾರೇ ಕೇಳಲಿ, ಅದನ್ನು ಡಾಲರಾಗಿ ಬದಲಾಯಿಸಿಕೊಡಬೇಕು. ಸಾಮ್ರಾಜ್ಯದ ದೇಶಗಳು ತಮ್ಮೊಳಗೆ ನಡೆಸುತ್ತಿದ್ದ ಸುಂಕದ ರಿಯಾಯಿತಿಗಳನ್ನು ಕ್ರಮೇಣ ತಗ್ಗಿಸುವ ಮಾತುಕತೆಗೆ ಒಪ್ಪಬೇಕು. ಮತ್ತೊಂದು ಷರತ್ತು ಇತ್ತು. ಅದು ನಮಗೆ ತಗಲುವಂಥದು, ಮುಂದೆ ಹೇಳುತ್ತೇವೆ.

ಡಿಸೆಂಬರ್ 12, 13ನೆಯ ತಾರೀಖುಗಳಲ್ಲಿ ಕಾಮನ್ಸ್ ಸಭೆಯಲ್ಲಿ ಚರ್ಚೆಯಾಯಿತು. ಪಕ್ಷದ ಗೆರೆಗಳು ಅಂದು ಅಳಿಸಿಹೋದವು. ಬೂತ್‌ಬಿ ಎಂಬ ಕನ್ಸರ್ವೆಟಿವ್ ಸದಸ್ಯರು ಇದನ್ನು ಮ್ಯೂನಿಕ್ಕಿನ ಶರಣಾಗತಿಗೆ ಹೋಲಿಸಿ, ಸಾಮ್ರಾಜ್ಯವನ್ನು ಒಂದು ಸಿಗರೇಟು ಪೊಟ್ಟಣಕ್ಕೆ ಮಾರುವ ಅಧಿಕಾರವನ್ನು ಸರಕಾರಕ್ಕೆ ಯಾರೂ ಕೊಟ್ಟಿಲ್ಲವೆಂದು ಗುಡುಗಿದರು. ಅದೇ ಮಾತನ್ನು ಬೇರೆ ಮುಖದಿಂದ ಹೇಳಿದವರು ಆಳುವ ಲೇಬರ್ ಪಕ್ಷದ ಎಡಬದಿಯ ತರುಣರು. ಡಾಲರಿನ ಬೆನ್ನಹಿಂದೆ ಅಮೆರಿಕಾದ ಬಂಡವಾಳಗಾರರ ಯಜಮಾನಿಕೆಯೂ ಬರುವುದೆಂದು ಅವರ ಶಂಕೆ. ಹಣಕಾಸಿನ ಮಂತ್ರಿ ಡಾಲ್ಟನ್ನರಿಗೆ ಈ ಒಪ್ಪಂದವನ್ನು ಹೊಗಳುವ ಉತ್ಸಾಹವಿರಲಿಲ್ಲ. ಬೇರೆ ದಾರಿಯಿದ್ದರೆ ತೋರಿಸಿ ಎಂಬುದೇ ಅವರ ಬಲವಾದ ಮಾತಾಗಿತ್ತು. ವಿರೋಧಪಕ್ಷದ ನಾಯಕರಾದ ಚರ್ಚಿಲ್ಲರು ತಮ್ಮವರಿಗೆ ಹೌದೆಂದೂ ಹೇಳಬೇಡಿ, ಅಲ್ಲವೆಂದೂ ಹೇಳಬೇಡಿ, ಸುಮ್ಮನೆ ಕುಳಿತಿರಿ, ಎಂದು ಸೂಚಿಸಿದರು. ಯುದ್ಧಕಾಲದಲ್ಲಿ ಸಿಂಹದಂತೆ ಗರ್ಜಿಸಿದವರಿಂದ ಬಂದ ಈ ಉಪದೇಶವನ್ನು ಅವರ ಕಡೆಯವರೇ ಸುಮಾರು ಎಪ್ಪತ್ತು ಮಂದಿ ಮೀರಿ ವಿರುದ್ಧವಾಗಿ ಮತ ಹಾಕಿದರು. ಎಣಿಕೆ ಮುಗಿದಾಗ ಸಾಲದ ಪರ 345, ವಿರುದ್ಧ 98.

ವಿರೋಧಿಸಿದವರ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಒಂದೇ ಶತ್ರುವಿನೊಡನೆ ಹೋರಾಡುವಾಗ ಮನೆಯ ಆಸ್ತಿಯನ್ನು ಕರಗಿಸಿಕೊಂಡವನು, ಅದೇ ಹೋರಾಟದಲ್ಲಿ ಐಶ್ವರ್ಯವನ್ನು ಬೆಳೆಸಿಕೊಂಡ ಮಿತ್ರನಿಗೆ ಐವತ್ತು ವರ್ಷ ಕಪ್ಪ ಕಟ್ಟಬೇಕೇ ಎಂಬ ಭಾವ ಆಗಿನ ಪತ್ರಿಕೆಗಳಲ್ಲಿಯೂ ಹೊರಬಿದ್ದಿತು. ಇದು ಲೆಕ್ಕದ ಪ್ರಶ್ನೆಯಾಗಿರಲಿಲ್ಲ, ಅಭಿಮಾನದ ಪ್ರಶ್ನೆಯಾಗಿತ್ತು. ಆದರೆ ಅಭಿಮಾನವನ್ನು ಬೇಯಿಸಿ ಬಡಿಸುವಂತಿಲ್ಲವಷ್ಟೆ.

ಐದು ದಿನಗಳ ತರುವಾಯ ಪ್ರಭುಗಳ ಸಭೆಯಲ್ಲಿ ಕೇನ್ಸ್‌ರವರು ಎದ್ದು ನಿಂತರು. ಹಡಗಿನಿಂದ ಇಳಿದು ಒಂದೇ ದಿನವಾಗಿತ್ತು. ಅಂದಿನ ಅವರ ಭಾಷಣವನ್ನು ಬಿಡುವಾದಾಗ ಓದಿ ನೋಡಿದವರಿಗೆ ಪ್ರೌಢವಾದ ವಾಗ್ಮಿತೆಯೆಂದರೇನೆಂಬುದು ತಿಳಿಯುತ್ತದೆ. ಅವರು ಹೇಳಿದುದರ ತಾತ್ಪರ್ಯವಿಷ್ಟು: ನಾವು ಹಿಂದೆ ಪಟ್ಟ ಕಷ್ಟವನ್ನು ಎಷ್ಟು ವರ್ಣಿಸಿದರೂ ಕೊಡುವವನು ನೋಡುವುದು ಮುಂದಿನದನ್ನು, ಗತಕಾಲದ ಸೇವೆಗೆ ಪಿಂಚಣಿ ಕೊಡುವುದಕ್ಕಾಗಿ ರಾಷ್ಟ್ರಗಳು ಹಣ ಬಿಚ್ಚುವುದಿಲ್ಲ. ಇದು ಬಡ್ಡಿಯಿಲ್ಲದ ಸಾಲವಾಗಲಿಲ್ಲವಲ್ಲಾ ಎಂಬ ಕೊರಗು ತಮಗೆ ಬದುಕಿರುವವರೆಗೂ ಇರುವುದೆಂದು ಒಪ್ಪಿಕೊಂಡರು. ಆದರೂ ಸ್ವೀಕರಿಸಿರಿ ಎಂದರು. ಪ್ರಭುಗಳಲ್ಲಿ ತೊಂಬತ್ತು ಮಂದಿ ಒಪ್ಪಿದರು, ಎಂಟು ಮಂದಿ ವಿರೋಧಿಸಿದರು, ಉಳಿದ ಅನೇಕರು ಮತ ಹಾಕಲೇ ಇಲ್ಲ. ಕೇನ್ಸ್‌ರವರು ಆ ಕೊರಗನ್ನು ಹೊತ್ತು ಬದುಕಿದ್ದು ನಾಲ್ಕೇ ತಿಂಗಳು. 1946ರ ಏಪ್ರಿಲ್ 21ರಂದು ತೀರಿಕೊಂಡರು.

ಪ್ರತಿಗ್ರಹದ ಮಾತು ಬಂದಾಗ ನಮ್ಮ ಬಾಲ್ಯದ ಒಂದು ಸಂಗತಿ ನೆನಪಾಗುತ್ತದೆ. 1970ರ ದಶಕದ ಮೊದಲ ವರ್ಷಗಳಲ್ಲಿ, ನಾವು ಹಳ್ಳಿಯ ಶಾಲೆಯಲ್ಲಿ ಓದುತ್ತಿದ್ದಾಗ, ಮಧ್ಯಾಹ್ನ ಮಕ್ಕಳಿಗೆ ಉಪ್ಪಿಟ್ಟು ಕೊಡುತ್ತಿದ್ದರು. ಅದರ ರವೆ ಅಮೆರಿಕಾದಿಂದ ಕೇರ್ ಸಂಸ್ಥೆಯ ಮೂಲಕ ಬರುತ್ತಿತ್ತು. ಊರಿನಲ್ಲಿ ಅದಕ್ಕೆ ಕೇರ್ ಉಪ್ಪಿಟ್ಟೆಂದೇ ಹೆಸರು. ಅದರ ವಾಸನೆ ಇಂದಿಗೂ ನಮ್ಮ ಮೂಗಿನಲ್ಲಿದೆ. ನಮ್ಮ ಅಜ್ಜಿಗೆ ಅದು ಸರಿಬೀಳಲಿಲ್ಲ. ಒಂದು ರಾತ್ರಿ ತಂದೆಯವರನ್ನು ಕೇಳಿದಳು:

“ಅಲ್ಲವೋ, ಸಮುದ್ರದಾಚೆಯವರು ನಮ್ಮ ಹುಡುಗರಿಗೆ ಉಪ್ಪಿಟ್ಟು ಯಾಕೆ ಕೊಡುತ್ತಾರೆ? ಅವರಿಗೆ ನಮ್ಮಿಂದ ಏನು ಆಗಬೇಕು?”

“ಅವರಲ್ಲಿ ಬೆಳೆ ಮಿಕ್ಕಿದೆಯಮ್ಮ. ನಮ್ಮಲ್ಲಿ ಮಳೆ ತಪ್ಪಿದೆ.”

“ಮಿಕ್ಕಿದ್ದನ್ನು ಕೊಟ್ಟರೆ ಅದು ದಾನವೇನೋ?”

“ತಿನ್ನುವ ಮಗುವಿಗೆ ಆ ವಿಚಾರವೆಲ್ಲ ಯಾಕಮ್ಮ?”

“ಮಗುವಿಗೆ ಬೇಡ. ತರಿಸಿಕೊಂಡವರಿಗೆ ಬೇಕು.”

ತಂದೆಯವರು ಶಾಸ್ತ್ರ ಬಲ್ಲವರು, ಆದರೆ ಉತ್ತರ ಹೇಳಲಿಲ್ಲ. ಶಾಲೆಯಲ್ಲಿ ಎಲ್ಲರ ಸಂಗಡ ಕುಳಿತು ತಿಂದು ಬಾ, ಪಂಕ್ತಿಯಿಂದ ಏಳಬೇಡ, ಎಂದಷ್ಟೇ ನಮಗೆ ಹೇಳಿದರು. ತಿಂದೆವು. ವಯಸ್ಸಾದ ಮೇಲೆ ಕಾಮನ್ಸ್ ಸಭೆಯ ಚರ್ಚೆಯನ್ನು ಓದಿದಾಗ, ಅಕ್ಷರ ತಿಳಿಯದ ಅಜ್ಜಿ ಒಲೆಯ ಮುಂದೆ ಕೇಳಿದ ಎರಡು ಪ್ರಶ್ನೆಗಳಿಗಿಂತ ಹೆಚ್ಚಿನದನ್ನು ಅಲ್ಲಿ ಯಾರೂ ಕೇಳಿರಲಿಲ್ಲವೆಂದು ನಮಗೆ ತೋರಿತು.

ಹಾಗಿರಲಿ, ಈಗ ನಮ್ಮ ದೇಶದ ಲೆಕ್ಕಕ್ಕೆ ಬರೋಣ. ಎರಡನೆಯ ಮಹಾಯುದ್ಧದಲ್ಲಿ ಭಾರತದ 20 ಲಕ್ಷಕ್ಕೂ ಹೆಚ್ಚು ಜನ ಸೈನ್ಯದಲ್ಲಿದ್ದರು. ಆಫ್ರಿಕಾ, ಇಟಲಿ, ಬರ್ಮಾಗಳಲ್ಲಿ ಹೋರಾಡಿದರು. ಇಲ್ಲಿನ ಬಟ್ಟೆ, ಧಾನ್ಯ, ಚರ್ಮ, ಮರ, ಸಿಮೆಂಟು ಎಲ್ಲವೂ ಯುದ್ಧಕ್ಕೆ ಹೋದವು. ಹೊರದೇಶಗಳಲ್ಲಿ ಭಾರತದ ಸೈನ್ಯಕ್ಕಾಗುವ ವೆಚ್ಚವನ್ನು ಇಂಗ್ಲೆಂಡು ಭರಿಸಬೇಕೆಂದು ಯುದ್ಧದ ಆದಿಯಲ್ಲಿ ಒಪ್ಪಂದವಾಗಿತ್ತು. ಭರಿಸಿದ ರೀತಿ ಹೇಗೆಂದರೆ, ಇಲ್ಲಿನ ಸರಕಾರ ಸಾಮಾನು ಕೊಂಡು ರೂಪಾಯಿ ಕೊಡುವುದು; ಅದರ ಬಾಬ್ತು ಲಂಡನ್ನಿನಲ್ಲಿ ರಿಸರ್ವ್ ಬ್ಯಾಂಕಿನ ಹೆಸರಿಗೆ ಪೌಂಡಿನ ಪತ್ರಗಳನ್ನು ಜಮಾ ಮಾಡಿಡುವುದು; ಆ ಪತ್ರಗಳ ಆಧಾರದ ಮೇಲೆ ಇಲ್ಲಿ ಮತ್ತಷ್ಟು ನೋಟು ಅಚ್ಚು ಹಾಕುವುದು. 1939ರಲ್ಲಿ ಸುಮಾರು 180 ಕೋಟಿ ರೂಪಾಯಿಗಳಷ್ಟಿದ್ದ ನೋಟುಗಳು 1946ರ ವೇಳೆಗೆ 1,200 ಕೋಟಿಯನ್ನು ಮೀರಿದವು. ಸಾಮಾನು ಹೊರಗೆ, ಕಾಗದ ಒಳಗೆ. ಬೆಲೆಗಳು ಇಮ್ಮಡಿಗೂ ಮೇಲೇರಿದವು. 1943ರ ಬಂಗಾಳದ ಕ್ಷಾಮದಲ್ಲಿ 30 ಲಕ್ಷದವರೆಗೆ ಜನ ಸತ್ತರೆಂದು ಅಂದಾಜು. ಅದಕ್ಕೆ ಕಾರಣಗಳು ಹಲವಿದ್ದರೂ ಯುದ್ಧದ ಈ ಬೆಲೆಯೇರಿಕೆ ಮುಖ್ಯವಾದವುಗಳಲ್ಲಿ ಒಂದು. ತಲತಲಾಂತರದಿಂದ ಇಂಗ್ಲೆಂಡಿಗೆ ಸಾಲಗಾರನೆನಿಸಿದ್ದ ದೇಶ ಹೀಗೆ ಅದಕ್ಕೆ ಸಾಲ ಕೊಟ್ಟ ಧಣಿಯಾಯಿತು. ಈ ಧಣಿಯ ಮನೆಯಲ್ಲಿ ಗಂಜಿಗೆ ಗತಿಯಿರಲಿಲ್ಲ. ಸ್ವಾತಂತ್ರ್ಯ ಬಂದಾಗ ಆ ಬಾಕಿ ಸುಮಾರು 116 ಕೋಟಿ ಪೌಂಡು, ಎಂದರೆ ಅಂದಿನ ದರದಲ್ಲಿ 1,500 ಕೋಟಿ ರೂಪಾಯಿಗೂ ಮೇಲು.

ಅಮೆರಿಕಾದ ಸಾಲಪತ್ರದ ಮತ್ತೊಂದು ಷರತ್ತೆಂದು ಹಿಂದೆ ಹೇಳಿದೆವಲ್ಲ, ಅದು ಇದೇ ಬಾಕಿಗೆ ಸಂಬಂಧಿಸಿದ್ದು. ತಾವು ಕೊಟ್ಟ ಡಾಲರು ಇಂಗ್ಲೆಂಡಿನ ಹಳೆಯ ಸಾಲಗಾರರ ಕೈಗೆ ಹೋಗಬಾರದೆಂದು ಅಮೆರಿಕಾದವರ ಹಟ. ಅದಕ್ಕಾಗಿ, ಪೌಂಡಿನ ಬಾಕಿಗಳನ್ನು ಮೂರು ಪಾಲು ಮಾಡುವ ಉದ್ದೇಶವನ್ನು ಇಂಗ್ಲೆಂಡು ಬರೆದುಕೊಟ್ಟಿತು: ಕೆಲವನ್ನು ಕೂಡಲೇ ಬಿಡುವುದು, ಕೆಲವನ್ನು 1951ರಿಂದ ಕಂತಿನಲ್ಲಿ ಕೊಡುವುದು, ಉಳಿದವನ್ನು ಯುದ್ಧಕ್ಕೆ ಮತ್ತು ಅದರ ಪರಿಹಾರಕ್ಕೆ ಆ ದೇಶಗಳು ಕೊಟ್ಟ ಕಾಣಿಕೆಯೆಂದು ಭಾವಿಸಿ ಸರಿಹೊಂದಿಸುವುದು. ‘ಸರಿಹೊಂದಿಸುವುದು’ ಎಂಬ ಶಬ್ದಕ್ಕೆ ನಮ್ಮ ಅಂಗಡಿಯವರ ಭಾಷೆಯಲ್ಲಿ ಸೋಡಿ ಬಿಡುವುದೆಂದರ್ಥ. ಚರ್ಚಿಲ್ಲರಂತೂ ಯುದ್ಧ ನಡೆಯುತ್ತಿರುವಾಗಲೇ, ಭಾರತವನ್ನು ಜಪಾನಿನಿಂದ ರಕ್ಷಿಸಿದ್ದಕ್ಕೆ ತಮ್ಮದೂ ಒಂದು ಎದುರುಬಾಕಿ ಉಂಟೆಂದು ವಾದಿಸುತ್ತಿದ್ದರು.

ನಮಗೆ ಬಹಳ ದಿನಗಳಿಂದ ಚುಚ್ಚುತ್ತಿರುವುದು ಇದು. ಇಂಗ್ಲೆಂಡು ಅಮೆರಿಕಾಕ್ಕೆ ಹೇಳಿದ ಮಾತು: ಸಮಾನಕಾರ್ಯದಲ್ಲಿ ನಮ್ಮಿಂದಾದ ತ್ಯಾಗವನ್ನು ನೋಡಿ, ನಿಮ್ಮ ಹಣವನ್ನು ದಾನವೆಂದು ಬಿಡಿ. ಅದೇ ಇಂಗ್ಲೆಂಡು ಭಾರತಕ್ಕೆ ಹೇಳಹೊರಟ ಮಾತು: ಅದು ಸಮಾನಕಾರ್ಯವಲ್ಲವೇ, ನಿಮ್ಮ ಹಣವನ್ನೂ ದಾನವೆಂದು ಬಿಡಿ. ಎರಡು ಕಡೆಗೂ ಒಂದೇ ಯುಕ್ತಿ, ಎರಡರಲ್ಲಿಯೂ ಪಡೆಯುವವನು ಒಬ್ಬನೇ. ಯುದ್ಧಕ್ಕೆ ಸೇರಲು ಅಮೆರಿಕಾ ತಾನೇ ನಿರ್ಧರಿಸಿತು. ಭಾರತವನ್ನು ವೈಸರಾಯರು 1939ರಲ್ಲಿ ಇಲ್ಲಿನ ಪ್ರತಿನಿಧಿಗಳನ್ನು ಒಂದು ಮಾತು ಕೇಳದೆ ಸೇರಿಸಿದರು. ದಾನಕ್ಕೆ ಕರ್ತೃವಿನ ಸಂಕಲ್ಪ ಬೇಕು; ಸಂಕಲ್ಪವಿಲ್ಲದೆ ಕೈಯಿಂದ ಕಿತ್ತುಕೊಂಡುದನ್ನು ಯಾವ ಶಾಸ್ತ್ರವೂ ದಾನವೆನ್ನುವುದಿಲ್ಲ. ಅಮೆರಿಕಾದ ಮುಂದೆ ಅಭಿಮಾನದಿಂದ ಕೆರಳಿದ ಎಷ್ಟೋ ಮಂದಿ ಮಾನ್ಯ ಸದಸ್ಯರಿಗೆ ಭಾರತದ ಬಾಕಿ ಇಳಿಸಬೇಕಾದ ಒಂದು ಹೊರೆಯಾಗಿ ಮಾತ್ರ ಕಂಡಿತು.

ನಮ್ಮವರು ಸುಮ್ಮನಿರಲಿಲ್ಲ. 1944ರ ಬ್ರೆಟನ್ ವುಡ್ಸ್ ಸಮ್ಮೇಳನದಲ್ಲಿಯೇ ರಿಸರ್ವ್ ಬ್ಯಾಂಕಿನ ಗವರ್ನರಾಗಿದ್ದ ಚಿಂತಾಮಣಿ ದೇಶಮುಖರೂ ಮುಂಬಯಿಯ ಎ. ಡಿ. ಶ್ರಾಫರೂ ಇದ್ದ ಭಾರತದ ನಿಯೋಗ ಈ ಬಾಕಿಯ ಪ್ರಶ್ನೆಯನ್ನು ಎತ್ತಿತ್ತು. ಅಂತರರಾಷ್ಟ್ರೀಯ ಹಣಕಾಸು ನಿಧಿಯ ಕಾರ್ಯದಲ್ಲಿ ಅದನ್ನು ಸೇರಿಸಲು ಒಪ್ಪಲಿಲ್ಲ. ಆದರೆ ಇಂಗ್ಲೆಂಡು ಈ ಋಣವನ್ನು ಮಾನದಿಂದ ತೀರಿಸುವುದೆಂದು ಕೇನ್ಸ್‌ರವರೇ ಅಲ್ಲಿ ಭರವಸೆಯಿತ್ತರು. ನ್ಯಾಯವಾಗಿ ಹೇಳಬೇಕಾದರೆ ಕಡೆಗೆ ಆದದ್ದೂ ಹಾಗೆಯೇ. ಭಾರತ ಸೋಡಿಗೆ ಒಪ್ಪಲಿಲ್ಲ, ಇಂಗ್ಲೆಂಡು ಬಲವಂತ ಮಾಡಲಿಲ್ಲ. 1947ರ ಆಗಸ್ಟ್ 14ರ ಒಪ್ಪಂದದಿಂದ ಬಾಕಿಯನ್ನು ಎರಡು ಖಾತೆಗಳಾಗಿ ಮಾಡಿ, ಒಂದಕ್ಕೆ ಬೀಗ ಹಾಕಿ, ಇನ್ನೊಂದರಿಂದ ಸ್ವಲ್ಪಸ್ವಲ್ಪವಾಗಿ ಬಿಡುತ್ತ ಬಂದರು. ತನ್ನ ಹಣವನ್ನೇ ತಾನು ಕೇಳಿ ಪಡೆಯುವ ಅವಸ್ಥೆ ಅದೆಂದು ಇಲ್ಲಿ ಕೆಲವರು ಗೊಣಗಿದ್ದು ನಿಜ. ಇಂಗ್ಲಿಷ್ ಅಧಿಕಾರಿಗಳ ಪಿಂಚಣಿಗೂ, ಅವರು ಇಲ್ಲಿ ಬಿಟ್ಟುಹೋದ ಯುದ್ಧಸಾಮಗ್ರಿಗೂ 1948ರಲ್ಲಿ ಒಂದು ದೊಡ್ಡ ಮೊತ್ತ ಖರ್ಚಾಯಿತು. ಉಳಿದುದರಲ್ಲಿ ಬಹುಭಾಗ ಧಾನ್ಯಕ್ಕೂ ಯಂತ್ರಗಳಿಗೂ ಹೋಗಿ ಹತ್ತು ವರ್ಷಗಳಲ್ಲಿ ಕರಗಿತು. 1958ರಲ್ಲಿ ನಮಗಾಗಿ ನೆರವು ನೀಡುವ ರಾಷ್ಟ್ರಗಳು ವಾಷಿಂಗ್ಟನ್ನಿನಲ್ಲಿ ಸಭೆ ಸೇರಬೇಕಾಗಿ ಬಂತು. ಆ ಸಭೆಯಲ್ಲಿ ಇಂಗ್ಲೆಂಡೂ ಕೊಡುವವರ ಸಾಲಿನಲ್ಲಿ ಕುಳಿತಿತ್ತು.

ಸಾಲದ ಗತಿ ಏನಾಯಿತೆಂಬುದನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಕೊಡುವ ದೇಶದಲ್ಲಿಯೂ ಜಗಳ ಕಡಮೆಯಿರಲಿಲ್ಲ. ಮೊದಲನೆಯ ಯುದ್ಧದ ಸಾಲಕ್ಕೆ ಇಂಗ್ಲೆಂಡು 1934ರಿಂದ ಕಂತು ಕಟ್ಟದೆ ಬಿಟ್ಟಿದ್ದನ್ನು ಅಲ್ಲಿನವರು ಮರೆತಿರಲಿಲ್ಲ. ಸೆನೆಟ್ ಸಭೆ 1946ರ ಮೇ ತಿಂಗಳಲ್ಲಿ 46ಕ್ಕೆ 34ರಂತೆಯೂ, ಪ್ರತಿನಿಧಿಗಳ ಸಭೆ ಜುಲೈಯಲ್ಲಿ 219ಕ್ಕೆ 155ರಂತೆಯೂ ಒಪ್ಪಿಗೆ ಕೊಟ್ಟವು. ಅದೂ ರಷ್ಯಾದ ಭಯ ಬೆಳೆಯುತ್ತಿದ್ದುದರ ಸಹಾಯದಿಂದ. ಅದೇ ತಿಂಗಳು ಇಂಗ್ಲೆಂಡಿನಲ್ಲಿ ರೊಟ್ಟಿಗೂ ಪಡಿತರ ಬಂತು. ಯುದ್ಧದ ಆರು ವರ್ಷಗಳಲ್ಲಿ ಇಲ್ಲದ ಕಟ್ಟು ಅದು. 1947ರ ಆದಿಯಲ್ಲಿ ಹಿಮ ಬಿದ್ದು ಕಲ್ಲಿದ್ದಲು ಸಾಗದೆ ಕಾರ್ಖಾನೆಗಳು ನಿಂತವು. ಷರತ್ತಿನಂತೆ ಜುಲೈ 15ರಂದು ಪೌಂಡನ್ನು ಡಾಲರಿಗೆ ತೆರೆದಿಟ್ಟೊಡನೆ, ಕಟ್ಟೆಯೊಡೆದ ಕೆರೆಯಂತೆ ಡಾಲರು ಹರಿದುಹೋಯಿತು. ಐದು ವಾರಗಳಲ್ಲಿ, ಆಗಸ್ಟ್ 20ರಂದು, ಬಾಗಿಲನ್ನು ಮುಚ್ಚಬೇಕಾಯಿತು. ವರ್ಷಗಟ್ಟಲೆ ಬರಬೇಕೆಂದು ತಂದ ಸಾಲ ಒಂದು ವರ್ಷದೊಳಗೇ ಬಹುಮಟ್ಟಿಗೆ ಮುಗಿದಿತ್ತು.

ಅಷ್ಟರಲ್ಲಿ ಅಮೆರಿಕಾದ ವಿದೇಶಾಂಗ ಕಾರ್ಯದರ್ಶಿ ಮಾರ್ಷಲ್ಲರು 1947ರ ಜೂನ್ 5ರಂದು ಹಾರ್ವರ್ಡ್ ವಿದ್ಯಾಪೀಠದಲ್ಲಿ ಯುರೋಪಿನ ಪುನರುದ್ಧಾರದ ಮಾತನ್ನಾಡಿದ್ದರು. ಪ್ಯಾರಿಸ್ಸಿನ ಮಾತುಕತೆಯಿಂದ ರಷ್ಯಾದ ಮೊಲೊಟೋವರು ಎದ್ದುಹೋದರು. ಬರಲೊಪ್ಪಿದ್ದ ಚೆಕೊಸ್ಲೊವಾಕಿಯಾ ಮಾಸ್ಕೋದಿಂದ ಕರೆ ಬಂದೊಡನೆ ಹಿಂದೆಗೆಯಿತು. ಹದಿನಾರು ರಾಷ್ಟ್ರಗಳು ಕುಳಿತು ಯೋಜನೆ ಬರೆದವು. ನಾಲ್ಕು ವರ್ಷಗಳಲ್ಲಿ ಸುಮಾರು 1,300 ಕೋಟಿ ಡಾಲರು, ಬಹುಪಾಲು ದಾನವಾಗಿಯೇ, ಬಂತು. ಎಲ್ಲಕ್ಕಿಂತ ದೊಡ್ಡ ಪಾಲು ಇಂಗ್ಲೆಂಡಿಗೆ. ಶತ್ರುಗಳಾಗಿದ್ದ ಇಟಲಿ, ಪಶ್ಚಿಮ ಜರ್ಮನಿಗಳಿಗೂ ಬಂತು. ಕೇನ್ಸ್‌ರವರು ಸ್ನೇಹವನ್ನು ನೆನಪಿಸಿ ಕೇಳಿದಾಗ ಸಿಕ್ಕದ ದಾನ ಎರಡೂವರೆ ವರ್ಷಗಳ ಮೇಲೆ ಭಯದ ದೆಸೆಯಿಂದ ಸಿಕ್ಕಿತು. ದಾನಿಯ ಔದಾರ್ಯವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅವರಿಗೆ ನಮ್ಮಿಂದ ಏನು ಆಗಬೇಕು ಎಂಬ ಅಜ್ಜಿಯ ಪ್ರಶ್ನೆಗೆ ಇಲ್ಲಿ ಉತ್ತರ ಸ್ಪಷ್ಟವಾಗಿಯೇ ಇದೆ.

1945ರ ಡಿಸೆಂಬರಿನಲ್ಲಿ ಸಾಲಕ್ಕೆ ವಿರುದ್ಧವಾಗಿ ಮತ ಹಾಕಿದ ಲೇಬರ್ ಪಕ್ಷದ ತರುಣರಲ್ಲಿ ಜೇಮ್ಸ್ ಕ್ಯಾಲಹನ್ ಎಂಬವರೊಬ್ಬರು. 1976ರಲ್ಲಿ ಪೌಂಡು ಕುಸಿದು, ಇಂಗ್ಲೆಂಡು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಂದೆ 390 ಕೋಟಿ ಡಾಲರು ಸಾಲಕ್ಕೆ ನಿಂತಾಗ, ಆ ದೇಶದ ಪ್ರಧಾನಮಂತ್ರಿ ಅವರೇ. ಹಳೆಯ ಸಾಲದ ಕಂತನ್ನು ಆ ವರ್ಷವೂ ಮುಂದಕ್ಕೆ ಹಾಕಿಸಿಕೊಂಡರು. ಹೀಗೆ ಮುಂದಕ್ಕೆ ಹಾಕಿಸಿದ್ದು ಒಟ್ಟು ಆರು ಬಾರಿ. ಕೊನೆಯ ಕಂತು, ಸುಮಾರು 8 ಕೋಟಿ 33 ಲಕ್ಷ ಡಾಲರು, ಸಂದದ್ದು 2006ರ ಡಿಸೆಂಬರಿನ ಅಂತ್ಯದಲ್ಲಿ. ತಂದದ್ದು 434 ಕೋಟಿ, ತೀರಿಸಿದ್ದು ಸುಮಾರು 750 ಕೋಟಿ. ಬಡ್ಡಿ ಅಸಲನ್ನು ಮೀರಬಾರದೆಂಬ ನಮ್ಮ ಸ್ಮೃತಿಗಳ ದ್ವಿಗುಣ ನಿಯಮವನ್ನು ಅಮೆರಿಕಾದವರು ತಿಳಿಯದೆಯೇ ಪಾಲಿಸಿದಂತಾಯಿತು; ಆ ನಿಯಮ ಒಮ್ಮೆಗೆ ವಸೂಲು ಮಾಡುವ ಬಡ್ಡಿಗೆ ಅನ್ವಯಿಸುವುದೇ ಹೊರತು ಕಂತಿನ ಬಡ್ಡಿಗಲ್ಲವೆಂದು ಪಂಡಿತರು ಆಕ್ಷೇಪಿಸಬಹುದು, ಅದೂ ಸರಿಯೇ. ಮೊದಲನೆಯ ಯುದ್ಧದ ಸಾಲ ಮಾತ್ರ ಅಂದಿಗೂ ಹಾಗೆಯೇ ಪುಸ್ತಕದಲ್ಲಿ ನಿಂತಿತ್ತು. ಆ ಯುದ್ಧದಲ್ಲಿ ತನಗೆ ಬರಬೇಕಾದ ಬಾಕಿ ತಾನು ಕೊಡಬೇಕಾದುದಕ್ಕಿಂತ ಹೆಚ್ಚಾಗಿದೆಯೆಂದು ಇಂಗ್ಲೆಂಡು ಹೇಳುತ್ತ ಬಂದಿತ್ತು.